ತಕ್ಕಡಿ ಮನೆತನ: ಮೂಲ ಬಟ್ಟಿನ ಹೊಟ್ಟೆಯೊಳಗೆ

"ಆ ಗಾಜಿನ ಬೀರು ಮುಟ್ಟಿದ್ರೆ ಕೈ ಮುರೀತೀನಿ," ಎಂದು ದೊಡ್ಡ ಯಜಮಾನರು ಗುಡುಗಿದರು.

"ಮುರೀರಿ. ಆದ್ರೆ ಮೊದ್ಲು ಬೀಗದಕೈ ಕೊಡಿ," ಎಂದಳು ಭೂತಗನ್ನಡಿ. "ಮುರಿದ ಕೈಯಲ್ಲಿ ಬೀಗ ತೆಗೆಯೋದು ಕಷ್ಟ."

ಮೇಜಿನ ಆಚೆ ಕೂತಿದ್ದ ಯಜಮಾನರ ತಂಗಿ ಬಾಯಿಗೆ ಕೈ ಅಡ್ಡ ಹಿಡಿದರು. ಅದು ನಗು ತಡೆಯಲೋ, ಗಾಬರಿ ತಡೆಯಲೋ, ಹೇಳುವಂತಿರಲಿಲ್ಲ. ಅಣ್ಣನ ಎದುರು ಹೀಗೆ ಮಾತಾಡಿದವರನ್ನು ಅವರು ಐವತ್ತಮೂರು ವರ್ಷದಲ್ಲಿ ಕಂಡಿರಲಿಲ್ಲ.

ಭೂತಗನ್ನಡಿ ಎಂಬುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಜನನ ಮರಣ ನೋಂದಣಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆಯಾಗಿದ್ದಾಗ, ಒಂದೇ ತಾರೀಖನ್ನು ಮೂರು ಸಲ ತಾಳೆ ನೋಡುವ ಅವಳ ಚಾಳಿಗೆ ಜೊತೆಯವರು ಅಂಟಿಸಿದ್ದು. ಆ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದು ಐದು ವರ್ಷವಾದರೂ ಹೆಸರು ಅಂಟಿಕೊಂಡೇ ಬಂದಿತ್ತು.

ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಕೊಲೆ ಆರೋಪದ ಮೇಲೆ ಲಾಕಪ್ಪಿನಲ್ಲಿರುವ ಕೆಲಸಗಾರ ಸೀಸದ ಮಾವನನ್ನು ನಾಳೆ ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅವಳ ಕೈಯಲ್ಲಿದ್ದುದು ಹತ್ತೊಂಬತ್ತು ಗಂಟೆ.

ಕಳೆದ ಭಾನುವಾರ ಈ ತೂಕದ ಬಟ್ಟುಗಳ ಕಾರ್ಖಾನೆಯ ಉಗ್ರಾಣದಲ್ಲಿ, ತಕ್ಕಡಿ ಮನೆತನದ ಚರಿತ್ರೆ ಬರೆಯುತ್ತಿದ್ದ ನಿವೃತ್ತ ಮೇಷ್ಟ್ರು ತಲೆಯೊಡೆದು ಸತ್ತು ಬಿದ್ದಿದ್ದರು. ಪಕ್ಕದಲ್ಲಿ ಐದು ಕಿಲೋದ ಬಟ್ಟು, ಅದರ ಮೇಲೆ ಸೀಸದ ಮಾವನ ಬೆರಳಚ್ಚು.

ಪೊಲೀಸರಿಗೆ ಅಷ್ಟೇ ಸಾಕಾಗಿತ್ತು. ಭೂತಗನ್ನಡಿಗೆ ಮೈ ಉರಿದದ್ದು ಅದಕ್ಕೇ. ನಲವತ್ತೆರಡು ವರ್ಷದಿಂದ ಈ ಕಾರ್ಖಾನೆಯ ಒಂದೊಂದು ಬಟ್ಟಿಗೂ ಸೀಸ ಹುಯ್ಯುತ್ತಿರುವ ಮನುಷ್ಯ ಅವನು. ಅವನ ಬೆರಳಚ್ಚು ಇಲ್ಲದ ಬಟ್ಟು ಸಿಕ್ಕಿದ್ದರೆ ಅದು ಸುದ್ದಿ. ಅವನನ್ನು ಬಿಡಿಸಿ ಎಂದು ಅವಳಲ್ಲಿಗೆ ಬಂದವಳು ಅವನ ಮಗಳು, ಈ ಕಚೇರಿಯ ಹೊರಕೋಣೆಯ ಟೈಪಿಸ್ಟ್.

"ನೋಡ್ರೀ ಮೇಡಂ," ಯಜಮಾನರು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದಾಗ ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. "ಶನಿವಾರ ಸಂಜೆ ಸೀಸದವನೂ ಮೇಷ್ಟ್ರೂ ಜಗಳ ಆಡಿದ್ದನ್ನ ನಾನೇ ಕಿವಿಯಾರೆ ಕೇಳಿದ್ದೀನಿ. ಅದನ್ನ ಬರೀಬೇಡಿ, ಅದನ್ನ ಬರೀಬೇಡಿ ಅಂತ ಬಡ್ಕೋತಿದ್ದ. ಮಾರನೇ ದಿನ ಮೇಷ್ಟ್ರು ಹೆಣ. ಇನ್ನೇನು ಬೇಕು ನಿಮಗೆ?"

"ಯಾವುದನ್ನ ಬರೀಬೇಡಿ ಅಂದ?"

"ನನಗೇನು ಗೊತ್ತು?"

"ನಿಮಗೆ ಗೊತ್ತಿಲ್ಲ. ಅವನು ಠಾಣೆಯಲ್ಲಿ ಬಾಯೇ ಬಿಡ್ತಿಲ್ಲ. ಆದ್ರೆ ನಿಮ್ಮ ಹೇಳಿಕೆ ಮಾತ್ರ ಎರಡು ಪುಟ ಇದೆ."

ಬೀರುವಿನ ಪಕ್ಕದಲ್ಲಿ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಒಂದು ಹಳೆಯ ಪತ್ರ ತೂಗುತ್ತಿತ್ತು. ಯಜಮಾನರ ಮುತ್ತಜ್ಜ ಊರಿನ ಸಂತೆಗೆ ಮೊದಲ ನಿಖರ ಬಟ್ಟನ್ನು ಎರಕ ಹುಯ್ದು ಕೊಟ್ಟನೆಂದೂ, ಅದಕ್ಕೆ ಮೆಚ್ಚಿ ಸಂತೆಯ ಹಿರಿಯರು ಅವನಿಗೆ 'ತಕ್ಕಡಿ' ಎಂಬ ಮನೆತನದ ಹೆಸರು ಕೊಟ್ಟರೆಂದೂ ಅದರಲ್ಲಿತ್ತು. ಆ ಮೊದಲ ಬಟ್ಟೇ ಬೀರುವಿನೊಳಗಿದ್ದುದು. ಮನೆಯವರು ಅದನ್ನು ಮೂಲ ಬಟ್ಟು ಎನ್ನುತ್ತಿದ್ದರು.

"ಈ ಪತ್ರ ನಿಮ್ಮ ತಾತ ಬರೆಸಿದ್ದು," ಎಂದಳು ಭೂತಗನ್ನಡಿ. "ಅಚ್ಚಾದ ಕಾಗದ, ಅಚ್ಚುಕೂಟದ ಹೆಸರು ಕೆಳಗಿದೆ. ಆ ಅಚ್ಚುಕೂಟ ಶುರುವಾಗೋ ಹೊತ್ತಿಗೆ ನಿಮ್ಮ ಮುತ್ತಜ್ಜ ಸತ್ತು ಒಂಬತ್ತು ವರ್ಷ."

"ನಕಲು ಮಾಡಿಸಿರ್ತಾರೆ. ಮೂಲ ಹಾಳಾಗಿತ್ತು."

"ಇರಬಹುದು. ಸಂತೆಯ ತಪಾಸಣೆ ಪುಸ್ತಕ ಹಾಳಾಗಿಲ್ಲ, ನಿನ್ನೆ ನೋಡ್ಕೊಂಡು ಬಂದೆ. ಮೇಷ್ಟ್ರೂ ಹೋದ ವಾರ ನೋಡಿದ್ರು, ಅವರ ಸಹಿ ಇದೆ. ನಿಮ್ಮ ಮುತ್ತಜ್ಜ ಈ ಊರಿಗೆ ಕಾಲಿಡೋಕೆ ಹನ್ನೊಂದು ವರ್ಷ ಮುಂಚೆನೇ ಆ ಪುಸ್ತಕದಲ್ಲಿ ತಕ್ಕಡಿ ಅನ್ನೋ ಹೆಸರಿನ ಒಬ್ಬ ಇದ್ದಾನೆ. ವರ್ಷ ವರ್ಷ ಸಹಿ ಹಾಕಿದ್ದಾನೆ."

ಯಜಮಾನರ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಹನ್ನೆರಡನೇ ವರ್ಷ ಸಂತೆಯ ಬಟ್ಟುಗಳೆಲ್ಲ ತೂಕದಲ್ಲಿ ಕಡಿಮೆ ಬಂದ್ವು," ಅವಳು ಪಾಠ ಒಪ್ಪಿಸುವಂತೆ ಮುಂದುವರಿಸಿದಳು. "ಕಳ್ಳ ಬಟ್ಟು ಅಂತ ಅವನ ಹೆಸರಿಗೆ ಗೆರೆ ಎಳೆದ್ರು. ಅವನ ಕೈಕೆಳಗಿದ್ದ ಆಳು ಅಂಗಡಿ ಹಿಡ್ಕೊಂಡ. ಅಂಗಡಿಯ ಹಲಗೆ ಮೇಲೆ ತಕ್ಕಡಿ ಅಂತ ಬರೆದಿತ್ತು. ಹಲಗೆ ಜೊತೆ ಹೆಸರೂ ಬಂತು. ಆ ಆಳೇ ನಿಮ್ಮ ಮುತ್ತಜ್ಜ."

"ಬಾಯಿ ಮುಚ್ಚಿ!"

"ಹೆಸರು ಕಳ್ಕೊಂಡವನ ಮಗ ಅದೇ ಅಂಗಡಿಯಲ್ಲಿ ಸೀಸ ಹುಯ್ಯೋ ಕೂಲಿಗೆ ಸೇರಿದ. ಅವನ ಮಗ, ಮೊಮ್ಮಗ, ಎಲ್ಲರೂ ಅದೇ ಕೂಲಿ. ಕೊನೆಯವನು ಈಗ ಲಾಕಪ್ಪಿನಲ್ಲಿ ಕೂತಿದ್ದಾನೆ. ಮೂರು ತಲೆಮಾರು ಯಜಮಾನರೇ, ಅವರ ಹೆಸರಿನ ಅಂಗಡಿಯಲ್ಲಿ ಅವರಿಂದಲೇ ಕೂಲಿ ಮಾಡಿಸಿದ್ದೀರಿ."

ಯಜಮಾನರು ಮೇಜಿಗೆ ಗುದ್ದಿದರು. ಮಸಿ ಕುಡಿಕೆ ಉರುಳಿತು. ತಂಗಿ ಎದ್ದು ಕಾಗದಗಳನ್ನು ಎತ್ತಿಕೊಂಡರು, ಒರೆಸುತ್ತಲೇ, ತಲೆ ಎತ್ತದೆ ಕೇಳಿದರು, "ಅಣ್ಣ, ಇದು ನಿನಗೆ ಗೊತ್ತಿತ್ತಾ?"

"ನೀನು ಸುಮ್ನೆ ಕೂತ್ಕೋ."

"ಸುಮ್ನೇ ಕೂತಿದ್ದೀನಿ, ಹುಟ್ಟಿದಾಗಿಂದ. ಗೊತ್ತಿತ್ತಾ?"

ಯಜಮಾನರು ಚೌಕಟ್ಟಿನ ಪತ್ರದ ಕಡೆ ಮುಖ ತಿರುಗಿಸಿದರು. ಗೊತ್ತಿತ್ತು ಎಂಬುದಕ್ಕೆ ಅಷ್ಟೇ ಸಾಕಾಗಿತ್ತು.

ಭೂತಗನ್ನಡಿ ಚೀಲದಿಂದ ಒಂದು ಚೀಟಿ ತೆಗೆದಳು. ಮೇಷ್ಟ್ರ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿದ್ದು. ಅವರ ಗುಂಡು ಅಕ್ಷರದಲ್ಲಿ ಎರಡೇ ಸಾಲು: 'ಮೂಲ ಬಟ್ಟಿನ ಹೊಟ್ಟೆ ನೋಡಬೇಕು. ಆರೋ, ಏಳೋ?'

ಬಟ್ಟಿನ ಹೊಟ್ಟೆ ಎಂದರೇನೆಂದು ಆ ಕಾರ್ಖಾನೆಯಲ್ಲಿ ಯಾರಿಗಾದರೂ ಗೊತ್ತು. ಕಬ್ಬಿಣದ ಬಟ್ಟು ಎರಕದಿಂದ ಬಂದಾಗ ತೂಕದಲ್ಲಿ ತುಸು ಕಡಿಮೆಯಿರುತ್ತದೆ. ಅದರ ಅಡಿಯಲ್ಲಿ ಹೆಬ್ಬೆರಳು ಹೋಗುವಷ್ಟು ಗುಳಿ. ಆ ಗುಳಿಗೆ ಕರಗಿದ ಸೀಸ ಹುಯ್ದು, ಕೆರೆದು, ತೂಕ ಸರಿಮಾಡುತ್ತಾರೆ. ಆ ಗುಳಿಯೇ ಹೊಟ್ಟೆ.

ತಕ್ಕಡಿ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಈ ಹೆಸರು ಹೊತ್ತು ಹುಟ್ಟಿದವರು, ಗಂಡಾಗಲಿ ಹೆಣ್ಣಾಗಲಿ, ಹದಿನೆಂಟು ತುಂಬಿದಾಗ ತಮ್ಮ ಕೈಯಿಂದ ಒಂದು ಬಟ್ಟಿಗೆ ಸೀಸ ಹುಯ್ಯಬೇಕು. ಆಗಲೂ, ಆಮೇಲೆ ಎಂದು ಹುಯ್ದರೂ, ಮುಂಚೆ ಹೊಟ್ಟೆಯೊಳಗೆ ತಾಮ್ರದ ಪುಟ್ಟ ಬಿಲ್ಲೆಯೊಂದನ್ನು ಹಾಕಬೇಕು. ಬಿಲ್ಲೆಯ ಮೇಲೆ ತಕ್ಕಡಿಯ ಮುದ್ರೆ, ಅದರ ಕೆಳಗೆ ಚುಕ್ಕಿ. ಮುತ್ತಜ್ಜನದು ಒಂದು ಚುಕ್ಕಿ. ಅಜ್ಜನದು ಎರಡು, ಅಜ್ಜನ ತಮ್ಮನದು ಮೂರು, ಅಪ್ಪನದು ನಾಲ್ಕು, ಯಜಮಾನರದು ಐದು, ತಂಗಿಯದು ಆರು. ಅಲ್ಲಿಗೆ ನಿಂತಿತು. ಯಜಮಾನರಿಗೆ ಮಕ್ಕಳಿಲ್ಲ, ತಂಗಿ ಮದುವೆಯಾಗಲಿಲ್ಲ.

"ಮೂಲ ಬಟ್ಟಿನೊಳಗೆ ಒಂದು ಚುಕ್ಕಿಯ ಬಿಲ್ಲೆ ಇದ್ರೆ ನಿಮ್ಮ ಮುತ್ತಜ್ಜನೇ ಅದನ್ನ ಮಾಡಿದ್ದು," ಎಂದಳು ಭೂತಗನ್ನಡಿ. "ನಾನು ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳಿ ಹೋಗ್ತೀನಿ. ಚುಕ್ಕಿನೇ ಇಲ್ಲದ ಬಿಲ್ಲೆ ಇದ್ರೆ ಅದು ಚುಕ್ಕಿ ಎಣಿಸೋ ಲೆಕ್ಕ ಹುಟ್ಟೋಕೆ ಮುಂಚಿನವನದ್ದು. ಬೀಗದಕೈ ಕೊಡಿ."

ಯಜಮಾನರು ಸೊಂಟದ ಗೊಂಚಲನ್ನು ಬಿಗಿಯಾಗಿ ಹಿಡಿದರು.

ತಂಗಿ ಮೇಜಿನ ಡ್ರಾಯರು ಎಳೆದರು. ಅಲ್ಲಿ ಬಿಲ್ಲೆಗೆ ಮುದ್ರೆ ಒತ್ತುವ ಉಕ್ಕಿನ ಅಚ್ಚೂ, ಅದರ ಪಕ್ಕದಲ್ಲಿ ಬೀರುವಿನ ಎರಡನೆಯ ಬೀಗದಕೈಯೂ ಇದ್ದವು. ಅದನ್ನು ತೆಗೆದು ಭೂತಗನ್ನಡಿಯ ಮುಂದಿಟ್ಟರು.

"ಏಯ್!"

"ಸೀಸದ ಮಾವ ನನಗೆ ಸೈಕಲ್ ಹೊಡೆಯೋದು ಕಲಿಸಿದವನು," ಎಂದರು ತಂಗಿ. "ಹೆಸರು ಯಾರದ್ದಾದ್ರೂ ಆಗ್ಲಿ. ಅವನು ಜೈಲಿಗೆ ಹೋಗಬಾರದು."

ಭೂತಗನ್ನಡಿ ಬೀರು ತೆರೆದು ಬಟ್ಟನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿದಳು. ಹೊಟ್ಟೆಯ ಸೀಸ ಹಳೆಯ ಸೀಸದ ಹಾಗೆಯೇ ಮಬ್ಬು ಬೂದಿ ಬಣ್ಣಕ್ಕಿತ್ತು. ಅವಳು ಮೂಗನ್ನು ಹತ್ತಿರ ಒಯ್ದಳು. ಕರವಸ್ತ್ರದ ಮೂಲೆ ಒದ್ದೆ ಮಾಡಿ ಉಜ್ಜಿದಳು. ಬಟ್ಟೆಗೆ ಕಪ್ಪು ಹತ್ತಿತು. ಸೀಸ ಕನ್ನಡಿಯಂತೆ ಹೊಳೆಯಿತು.

"ಬೂಟ್ ಪಾಲಿಶ್," ಎಂದಳು. "ಇದು ನೂರು ವರ್ಷ ದಾಟಿದ ಸೀಸ ಅಲ್ಲ. ಈ ವಾರದ್ದು."

ಯಜಮಾನರು ಒಂದೇ ಹೆಜ್ಜೆಗೆ ಹತ್ತಿರ ಬಂದರು. ಈ ಸಲ ತಡೆಯುವುದಕ್ಕಲ್ಲ. ಬಗ್ಗಿ ನೋಡಿ, ಹೆಬ್ಬೆರಳಿಂದ ಸೀಸವನ್ನು ಒತ್ತಿದರು. ಸೀಸದ ಗಟ್ಟಿ ಬೆಣೆ ಗುಳಿಯೊಳಗೆ ಗರ್ರನೆ ತಿರುಗಿತು.

ಅವರಿಗೆ ಬಂದ ಸಿಟ್ಟು ಆ ತನಕ ಬಂದಂಥದ್ದಲ್ಲ. ಅದು ಯಜಮಾನನ ಸಿಟ್ಟಲ್ಲ, ಕಸುಬುದಾರನ ಸಿಟ್ಟು.

"ಯಾವ ಅಡ್ಡಕಸುಬಿ ಹುಯ್ದಿದ್ದು ಇದು? ಥೂ! ತಣ್ಣಗಿನ ಕಬ್ಬಿಣಕ್ಕೆ ಹುಯ್ದಿದ್ದಾನೆ. ಮೊದ್ಲು ಬಟ್ಟನ್ನ ಕಾಯಿಸ್ಬೇಕು. ಕಾಯಿಸದೆ ಹುಯ್ದ್ರೆ ಒಳಗಿನ ತೇವಕ್ಕೆ ಸೀಸ ಸಿಡಿದು ಮೈಮೇಲೆ ಬರುತ್ತೆ, ಕಬ್ಬಿಣಕ್ಕೆ ಹಿಡ್ಕೊಳ್ಳೋದೂ ಇಲ್ಲ. ಮೂರು ದಿನದ ಕೆಲಸಗಾರನೂ ಈ ತಪ್ಪು ಮಾಡಲ್ಲ!"

"ಸೀಸದ ಮಾವ ಮಾಡ್ತಾನಾ?"

"ಅವನಾ? ನಲವತ್ತೆರಡು ವರ್ಷದಲ್ಲಿ ಒಂದೇ ಒಂದು ಬಟ್ಟು..."

ಯಜಮಾನರು ಹೆಬ್ಬೆರಳನ್ನು ಸೀಸದಿಂದ ಹಿಂದಕ್ಕೆಳೆದರು.

"ಹೇಳಿ. ಪೂರ್ತಿ ಮಾಡಿ." ಭೂತಗನ್ನಡಿಯ ದನಿ ಈಗ ಏರಿತು. ಬೆಳಗ್ಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಒಮ್ಮೆಲೇ ಬಂತು. "ಈ ಬಟ್ಟನ್ನ ಬಿಚ್ಚಿ ಒಳಗಿನ ಸಾಕ್ಷಿ ಕದ್ದವನು ಸೀಸದ ಮಾವ ಅಲ್ಲ ಅಂತ ನಿಮ್ಮ ಬಾಯಲ್ಲೇ ಬಂತಲ್ಲ! ಇದನ್ನೇ ಪೊಲೀಸರಿಗೆ ಹೇಳೋಕೆ ಏನಾಗಿತ್ತು ನಿಮಗೆ? ಅರವತ್ತನಾಲ್ಕು ವರ್ಷದ ಮನುಷ್ಯ, ಸೀಸದ ಹೊಗೆ ಕುಡಿದು ಕುಡಿದು ಎದೆ ತೂತಾಗಿದೆ. ಇವತ್ತು ಬೆಳಗ್ಗೆ ಲಾಕಪ್ಪಿನ ನೆಲದ ಮೇಲೆ ಕೂತು ಕೆಮ್ತಿದ್ದ. ನಾನು ಏನು ಕೇಳಿದ್ರೂ ಗೋಡೆ ನೋಡ್ತಿದ್ದ. ಅವನ ಹೆಸರು ತಿಂದ್ರಿ, ಜೀವ ಸವೆಸಿದ್ರಿ, ಈಗ ಕೊಲೆನೂ ಅವನ ತಲೆಗೇ ಕಟ್ತೀರಾ?"

"ನಾನು ಕೊಲೆ ಮಾಡಿಲ್ಲ!"

"ಮಾಡಿದೀರಿ ಅಂದ್ನಾ? ನಿಮಗೆ ಸೀಸ ಹುಯ್ಯೋದು ಗೊತ್ತು. ಹತ್ತು ವರ್ಷ ಕುಲುಮೆ ಮುಂದೆ ನಿಂತವರು ನೀವು. ನೀವಾಗಿದ್ರೆ ಕಾಯಿಸಿ ಹುಯ್ತಿದ್ರಿ. ಇದು, ಹುಯ್ಯೋದನ್ನ ಕಂಡಿದ್ದು, ಕಾಯಿಸೋದನ್ನ ಕಾಣದವರ ಕೆಲಸ. ಜೀವನದಲ್ಲಿ ಒಂದೇ ಸಲ ಹುಯ್ದವರು. ಅದೂ ಬೇರೆಯವರು ಬಟ್ಟು ಕಾಯಿಸಿ ಕೊಟ್ಟಿದ್ದಾಗ."

ಅವಳು ತಿರುಗಿ ತಂಗಿಯ ಕಡೆ ನೋಡಿದಳು. ನೋಡಲು ಅವಳಿಗೆ ಇಷ್ಟವಿರಲಿಲ್ಲ.

"ಹದಿನೆಂಟು ತುಂಬಿದಾಗ ನಿಮಗೆ ಬಟ್ಟು ಕಾಯಿಸಿ ಕೊಟ್ಟವರು ಯಾರು?"

ತಂಗಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಸೀಸದ ಮಾವ," ಎಂದರು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದರು. "ನಾನಾ? ಬೀಗದಕೈ ತೆಗೆದುಕೊಟ್ಟವಳು ನಾನು! ಅಷ್ಟು ತಲೆ ಇಲ್ವಾ ನಿಮಗೆ?"

"ನನ್ನ ತಲೆಯ ಲೆಕ್ಕ ಬೇಡ. ಒಳಗಿರೋದು ಹೇಳುತ್ತೆ."

"ಒಳಗೇನಿರುತ್ತೆ? ಕದ್ದೊಯ್ದಿದ್ದಾರೆ ಅಂತ ನೀವೇ ಅಂದ್ರಿ," ಎಂದರು ಯಜಮಾನರು.

"ಹಳೇ ಬಿಲ್ಲೆ ಹೋಗಿರುತ್ತೆ. ಆದ್ರೆ ಈ ಮನೆಯವರ ಕೈ ಬಿಲ್ಲೆ ಹಾಕದೆ ಸೀಸ ಹುಯ್ಯುತ್ತಾ? ನೀವೇ ಹೇಳಿ. ಬಿಲ್ಲೆ ಹಾಕದೆ ನೀವು ಒಂದು ಸಲನಾದ್ರೂ ಹುಯ್ದಿದ್ದೀರಾ?"

ಯಜಮಾನರು ತಲೆಯಾಡಿಸಿದರು. ಇಲ್ಲ. ಕನಸಿನಲ್ಲೂ ಇಲ್ಲ.

ಅವಳು ಚೀಲದಲ್ಲಿದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಸೀಸದ ಅಂಚಿಗೆ ಕೊಟ್ಟು ಮೀಟಿದಳು. ಹಿಡಿದುಕೊಳ್ಳದ ಸೀಸ ಹಾಲುಹಲ್ಲಿನಂತೆ ಸಲೀಸಾಗಿ ಎದ್ದು ಬಂತು. ಬಟ್ಟನ್ನು ಮಗುಚಿ ಕುಟ್ಟಿದಳು. ಮೇಜಿನ ಮೇಲೆ ಟಣ್ಣೆಂದು ಒಂದು ತಾಮ್ರದ ಬಿಲ್ಲೆ ಬಿದ್ದು, ಸುತ್ತಿ, ನಿಂತಿತು.

ಹೊಸ ತಾಮ್ರ. ತಕ್ಕಡಿಯ ಮುದ್ರೆ. ಕೆಳಗೆ ಚುಕ್ಕಿಗಳು.

ಭೂತಗನ್ನಡಿ ತನ್ನ ಚಾಳಿಯಂತೆ ಮೂರು ಸಲ ಎಣಿಸಿದಳು. ಆರನ್ನು ನಿರೀಕ್ಷಿಸಿದ್ದಳು. ಮೂರು ಸಲವೂ ಏಳು ಬಂತು.

'ಆರೋ, ಏಳೋ?' ಮೇಷ್ಟ್ರು ಕೇಳಿದ್ದು ತಲೆಮಾರಿನ ಲೆಕ್ಕ ಎಂದುಕೊಂಡು ಎರಡು ದಿನ ಹಾಳು ಮಾಡಿದ್ದಳು. ಅವರು ಕೇಳಿದ್ದು ಜನರ ಲೆಕ್ಕ.

"ಏಳನೆಯವರು ಯಾರು?" ಎಂದಳು.

ಮಧ್ಯಾಹ್ನದಿಂದ ಕೂಗಾಡುತ್ತಿದ್ದ ಯಜಮಾನರು ಕುರ್ಚಿಯ ಕೈ ತಡಕಿ, ನಿಧಾನವಾಗಿ ಕೂತರು.

ತಂಗಿ ಬಿಲ್ಲೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಎಣಿಸುವಾಗ ಅವರ ತುಟಿ ಅಲುಗುತ್ತಿತ್ತು. ಆಮೇಲೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅಣ್ಣನ ಮುಂದೆ ಬಂದು ನಿಂತರು.

"ಅಣ್ಣ. ಸತ್ತೇ ಹುಟ್ಟಿತು ಅಂದ್ಯಲ್ಲ."

ಯಜಮಾನರು ನೆಲ ನೋಡಿದರು.

"ನನ್ನ ಮುಖ ನೋಡು! ಮೂವತ್ತೊಂದು ವರ್ಷ ಆಯ್ತು. ನಾನು ಮಂಪರಿನಲ್ಲಿದ್ದೆ, ಎದ್ದಾಗ ತೊಟ್ಟಿಲಿರಲಿಲ್ಲ. ಸತ್ತೇ ಹುಟ್ಟಿತು, ನೋಡಬೇಡ, ಮರೆತುಬಿಡು ಅಂದೆ. ಮದುವೆಯಿಲ್ಲದ ಹೆಂಗಸಿನ ಕೂಸಿಗೆ ಈ ಮನೆ ಹೆಸರು ಕೊಡೋಕಾಗಲ್ಲ, ದೇವರೇ ದಾರಿ ಮಾಡ್ದ ಅಂದೆ. ಕದ್ದ ಹೆಸರು! ಕದ್ದ ಹೆಸರನ್ನ ಕಾಪಾಡೋಕೆ ನನ್ನ ಕೂಸನ್ನ ಏನು ಮಾಡ್ದೆ?"

"ಕೊಂದಿಲ್ಲ," ಎಂದರು ಯಜಮಾನರು. "ಸಾಕೋಕೆ ಕೊಟ್ಟೆ. ಚೆನ್ನಾಗೇ ಸಾಕಿದ. ಸ್ವಂತ ಮಗಳ ಹಾಗೆ."

"ಯಾರು?"

ಯಜಮಾನರ ಕಣ್ಣು ತಂಗಿಯ ಮೇಲೂ ನಿಲ್ಲಲಿಲ್ಲ, ಭೂತಗನ್ನಡಿಯ ಮೇಲೂ ನಿಲ್ಲಲಿಲ್ಲ. ಅದು ಹೊರಕೋಣೆಯ ಬಾಗಿಲಿಗೆ ಹೋಯಿತು.

ಭೂತಗನ್ನಡಿಯೂ ಆ ಕಡೆ ತಿರುಗಿದಳು.

ಹೊರಕೋಣೆ ಟೈಪಿಸ್ಟಳದು. ಮೇಷ್ಟ್ರ ಪುಸ್ತಕದ ಒಂದೊಂದು ಹಾಳೆಯನ್ನೂ ಟೈಪು ಮಾಡಿದವಳು, ಅವರು ಕಂಡುಹಿಡಿದದ್ದನ್ನೆಲ್ಲ ಮೊದಲು ಓದಿದವಳು ಆ ಟೈಪಿಸ್ಟ್. ಈ ಮೇಜನ್ನು ಒರೆಸಿ, ಈ ಡ್ರಾಯರಿನಲ್ಲಿ ಕಾಗದ ಜೋಡಿಸಿಡುವವಳೂ ಅವಳೇ. ವಯಸ್ಸು ಮೂವತ್ತೊಂದು. ಸೋಮವಾರ ಬೆಳಗ್ಗೆ ಬಲಗೈಗೆ ಬಟ್ಟೆ ಸುತ್ತಿಕೊಂಡು ಭೂತಗನ್ನಡಿಯ ಮನೆ ಬಾಗಿಲು ಬಡಿದವಳು. ಇಸ್ತ್ರಿ ಪೆಟ್ಟಿಗೆ ತಾಗಿ ಸುಟ್ಟಿತು ಮೇಡಂ ಅಂದಿದ್ದಳು. ಹೇಗಾದ್ರೂ ಮಾಡಿ ನಮ್ಮಪ್ಪನ್ನ ಬಿಡಿಸಿ, ನನಗೆ ಅಪ್ಪ ಬಿಟ್ರೆ ಯಾರಿಲ್ಲ ಅಂದಿದ್ದಳು. ಅಪ್ಪ ನನ್ನನ್ನ ಆ ಸೀಸದ ಕೋಣೆ ಹೊಸಿಲು ದಾಟೋಕೂ ಬಿಟ್ಟಿಲ್ಲ, ಕಿಟಕಿಯಿಂದ ನೋಡ್ತಾ ಬೆಳೆದೆ ಅಂದಿದ್ದಳು.

ಕಿಟಕಿಯಿಂದ ಸೀಸ ಹುಯ್ಯುವುದು ಕಾಣುತ್ತದೆ. ಬಟ್ಟು ಕಾಯುತ್ತಿದೆಯೋ ಇಲ್ಲವೋ ಕಾಣುವುದಿಲ್ಲ.

'ಅದನ್ನ ಬರೀಬೇಡಿ' ಎಂದು ಸೀಸದ ಮಾವ ಮೇಷ್ಟ್ರಿಗೆ ಕೈಮುಗಿದದ್ದು ತನ್ನ ಕಳೆದುಹೋದ ಹೆಸರಿನ ವಿಷಯಕ್ಕಲ್ಲ. ಅದು ಬರೆದರೆ ಅವನಿಗೆ ಗೌರವವೇ. ಬರೆಯಬೇಡಿ ಎಂದದ್ದು ಮಗಳ ವಿಷಯ. ಲಾಕಪ್ಪಿನಲ್ಲಿ ಗೋಡೆ ನೋಡುತ್ತ ಕೂತದ್ದೂ ಅದಕ್ಕೇ.

ಅವಳು ಬಾಗಿಲಿಗೆ ಧಾವಿಸಿ ಒಮ್ಮೆಲೇ ತೆರೆದಳು.

ಟೈಪ್‌ರೈಟರಿನ ಮುಂದೆ ಯಾರೂ ಇರಲಿಲ್ಲ. ಕುರ್ಚಿಯನ್ನು ನೀಟಾಗಿ ಒಳಗೆ ತಳ್ಳಲಾಗಿತ್ತು. ಯಂತ್ರದಲ್ಲಿ ಒಂದು ಹಾಳೆ: ತಕ್ಕಡಿ ಮನೆತನದ ವಂಶವೃಕ್ಷ. ಎಲ್ಲಕ್ಕಿಂತ ಕೆಳಗೆ ಯಜಮಾನರು, ತಂಗಿ. ತಂಗಿಯ ಕೆಳಗೆ, ಮೇಷ್ಟ್ರ ಪುಸ್ತಕದಲ್ಲಿ ಈ ತನಕ ಇಲ್ಲದಿದ್ದ ಒಂದು ಗೆರೆ. ಗೆರೆಯ ತುದಿಯಲ್ಲಿ ಹೆಸರಿಲ್ಲ, ಟೈಪು ಮಾಡಿದ ಏಳು ಚುಕ್ಕಿಗಳು.

ಹಾಳೆಯ ಪಕ್ಕ, ಹಸಿರು ಕಿಲುಬು ಹಿಡಿದ ಒಂದು ಹಳೆಯ ತಾಮ್ರದ ಬಿಲ್ಲೆ. ತಕ್ಕಡಿಯ ಮುದ್ರೆ. ಒಂದು ಚುಕ್ಕಿಯೂ ಇಲ್ಲ.

"ಟೈಪಿಸ್ಟಮ್ಮ ಎಲ್ಲಿ?" ಎಂದು ಮೆಟ್ಟಿಲ ಕೆಳಗಿದ್ದ ಕಾವಲುಗಾರನಿಗೆ ಕೂಗಿದಳು.

"ಆಗ್ಲೇ ಹೋದ್ರು ಮೇಡಂ, ಅರ್ಧ ಗಂಟೆ ಆಯ್ತು. ಒಳಗೆ ನಿಮ್ಮದೆಲ್ಲ ಕೂಗಾಟ ಕೇಳ್ತಿತ್ತಲ್ಲ, ಸ್ವಲ್ಪ ಹೊತ್ತು ಬಾಗಿಲ ಹತ್ರ ನಿಂತಿದ್ರು. ಆಮೇಲೆ ಠಾಣೆಗೆ ಹೋಗಿ ಅಪ್ಪನ್ನ ಕರ್ಕೊಂಡು ಬರ್ತೀನಿ ಅಂದ್ರು."

ಹಿಂದಿನಿಂದ ತಂಗಿ ಬಂದು ಆ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಈ ಕುರ್ಚಿಯಿಂದ 'ನಮಸ್ಕಾರ ಅಕ್ಕೋರೆ' ಎಂಬ ಮಾತು ಬರುತ್ತಿತ್ತು.

ಅಷ್ಟರಲ್ಲಿ ಭೂತಗನ್ನಡಿಯ ಫೋನು ಹೊಡೆದುಕೊಂಡಿತು. ಠಾಣೆಯ ಇನ್ಸ್‌ಪೆಕ್ಟರು. ಮಾತಿನಲ್ಲಿ ಗೆದ್ದವರ ಗತ್ತಿತ್ತು.

"ಸುಮ್ನೆ ಓಡಾಡ್ಬೇಡಿ ಮೇಡಂ. ನಿಮ್ಮ ಸೀಸದ ಮಾವ ಈಗ ತಾನೇ ಬಾಯಿಬಿಟ್ಟ. ಮೇಷ್ಟ್ರನ್ನ ನಾನೇ ಹೊಡ್ದೆ ಅಂತ ಒಪ್ಕೊಂಡ. ಸಹಿನೂ ಹಾಕಿದ."

"ಸಹಿ?" ಅವಳು ಫೋನನ್ನು ಕಿವಿಗೆ ಒತ್ತಿದಳು. "ಮಗಳು ಬಂದು ಅಷ್ಟೆಲ್ಲ ಹೇಳಿದ ಮೇಲೂ ನೀವು ಸಹಿ ಹಾಕಿಸ್ಕೊಂಡ್ರಾ? ಅವಳನ್ನ ಅಲ್ಲೇ ಕೂರಿಸ್ಕೊಂಡಿರಿ, ಹತ್ತು ನಿಮಿಷದಲ್ಲಿ ಬಂದೆ."

ಆ ಕಡೆಯಿಂದ ಕಾಗದ ಮಗುಚುವ ಸದ್ದು ಬಂತು.

"ಯಾವ ಮಗಳು ಮೇಡಂ?" ಎಂದರು ಇನ್ಸ್‌ಪೆಕ್ಟರು. "ಬೆಳಗ್ಗೆ ನೀವು ಬಂದು ಹೋದ್ಮೇಲೆ ಈ ಠಾಣೆಗೆ ಒಂದು ಹೆಣ್ಣುಮಗಳೂ ಕಾಲಿಟ್ಟಿಲ್ಲ."